ಉಡಿ ತುಂಬಿದ ಸೀರೆ ವಾಪಸ್ ಬಂತು

ಉಟ್ಟ ಸೀರೆಗೆ ಒಂದು ವಾಸನೆ ಇರುತ್ತದೆ. ಎಷ್ಟು ಅತ್ತರು ಹೊಡೆದರೂ, ಗಾಳಿಗೆ ಹಾಕಿದರೂ, ಇಸ್ತ್ರಿ ಮಾಡಿ ಮೊದಲಿನ ಮಡಿಕೆಯಲ್ಲೇ ಮಡಚಿಟ್ಟರೂ ಅದು ಹೋಗುವುದಿಲ್ಲ. ಬೆವರು, ಪೌಡರು, ಮಲ್ಲಿಗೆ, ಮದುವೆ ಊಟದ ಬದನೆಕಾಯಿ ಪಲ್ಯ, ಎಲ್ಲ ಸೇರಿದ ವಾಸನೆ. ಸೊಸೆ ಫೋನಿನಲ್ಲಿ ನಡೆಸುವ ಸೀರೆ ಅಂಗಡಿಗೆ ವಾಪಸ್ ಬರುವ ಡಬ್ಬಿಗಳನ್ನು ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ, ಯಾವ ಊರಿನ ಮದುವೆಯಲ್ಲಿ ಏನು ಬಡಿಸಿದರು ಅಂತ ನಾನು ಸುರಪುರದಲ್ಲಿ ಕುಂತೇ ಹೇಳುವಂತಾದೆ.

ನಮ್ಮದು ಬಜಾರಿನಲ್ಲಿ ಬಟ್ಟೆ ಅಂಗಡಿ. ನನ್ನ ಗಂಡ ಇರುವಾಗ ಆತ ಗಲ್ಲಾದ ಮೇಲೆ ಕುಂತಿದ್ದ. ಆತ ಸತ್ತ ಮೇಲೆ ನಾನು ಕುಂತೆ. ಈಗ ಮಗ ಕುಂತಿದ್ದಾನೆ. ಗಿರಾಕಿ ಬಂದರೆ ಗಾದಿಯ ಮೇಲೆ ಕೂಡಿಸಿ, ನೀರು ಕೊಟ್ಟು, ಸೀರೆ ಹಾಸಿ ಹಾಸಿ ತೋರಿಸಬೇಕು. ಒಬ್ಬೊಬ್ಬಳು ಅಂಗಡಿ ಎಲ್ಲ ಬಿಚ್ಚಿಸಿ, ಕಡೆಗೆ ಒಂದು ಲಂಗದ ಬಟ್ಟೆ ಕೊಂಡು ಹೋಗುವವಳು. ಆದರೂ ಉಟ್ಟ ಸೀರೆಯನ್ನು ವಾಪಸ್ ತಂದು ಎದುರಿಗೆ ಒಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ತಂದರೆ ಮುಖವನ್ನೂ ಜೊತೆಗೆ ತರಬೇಕಲ್ಲ.

ಫೋನಿನಲ್ಲಿ ಆ ತೊಂದರೆ ಇಲ್ಲ. ಸೊಸೆ ಅಂಗಡಿ ತೆರೆದದ್ದೇ ಫೋನಿನಲ್ಲಿ. ಅದಕ್ಕೊಂದು ಇಂಗ್ಲಿಷ್ ಹೆಸರು ಇಟ್ಟಳು. ಅದನ್ನು ಹೇಳಲು ಹೋದರೆ ನನ್ನ ಹಲ್ಲಿನ ಸೆಟ್ಟು ಹೊರಗೆ ಬರುತ್ತದೆ. ತಲೆ ಕಾಣದ ಹಾಗೆ ಯಾವುದೋ ತೆಳ್ಳನೆಯ ಹುಡುಗಿಗೆ ಸೀರೆ ಉಡಿಸಿ ಫೋಟೋ ಹಾಕಿದಳು. ಸಾದಾ ಸೀರೆ ಎಲ್ಲರೂ ಮಾರುತ್ತಾರೆ ಅಂತ ಅವಳು ಇಟ್ಟಿದ್ದು ಭಾರಿ ಮಾಲು ಮಾತ್ರ. ಅಪ್ಪಟ ರೇಷ್ಮೆ, ಅಸಲಿ ಜರಿ, ನೇಕಾರರಿಗೆ ಹೇಳಿ ಮಗ್ಗದಲ್ಲಿ ನೇಯಿಸಿದ್ದು. ಅಂಥ ಒಂದು ಸೀರೆ ನಮ್ಮ ಬಜಾರಿನ ಅಂಗಡಿಯಲ್ಲಿ ವರ್ಷಕ್ಕೊಂದು ಹೋದರೆ ಹೆಚ್ಚು. ಫೋನಿನಲ್ಲಿ ಹೋಗುತ್ತಿದ್ದವು. ಮಗ ಮೊದಲು ನಕ್ಕ. ಆಮೇಲೆ ಸುಮ್ಮನಾದ. ನಮ್ಮ ಮನೆಯಲ್ಲಿ ಮನೆ, ಹೊಲ, ಅಂಗಡಿ, ಗಾದಿ, ಎಲ್ಲ ನಮ್ಮ ಗಂಡಸರ ಹೆಸರಿನವು. ಆಕೆಯದು ಅಂತ ಇದ್ದದ್ದು ಅದೊಂದೇ. ಆಕೆ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ನನಗೇನು ಕಣ್ಣಿಲ್ಲವೇ.

ಹೋದವು ಹೋದಂತೆ ಬರಲೂ ತೊಡಗಿದವು. ಒಬ್ಬಳ ಸೀರೆಯ ನೆರಿಗೆಯಲ್ಲಿ ಪಿನ್ನು ಹಾಗೇ ಇತ್ತು, ನನ್ನ ಬೆರಳಿಗೆ ಚುಚ್ಚಿತು. ಒಬ್ಬಳ ಸೆರಗಿಗೆ ಕೂಸಿನ ಜೊಲ್ಲು ಹತ್ತಿತ್ತು. ಇನ್ನೊಬ್ಬ ಪುಣ್ಯಾತ್ಗಿತ್ತಿ ರೇಷ್ಮೆ ಸೀರೆ ತನ್ನಲ್ಲೇ ಇಟ್ಟುಕೊಂಡು, ಡಬ್ಬಿಯಲ್ಲಿ ತನ್ನ ಹಳೆಯ ನೈಲಾನ್ ಸೀರೆ ಕಳಿಸಿದ್ದಳು. ಅದನ್ನೂ ಒಗೆಯದೆ. ಕಾರಣ ಕೇಳಿದರೆ ಬಣ್ಣ ಫೋಟೋದಲ್ಲಿದ್ದಂತೆ ಇಲ್ಲವಂತೆ. ಫೋಟೋದಲ್ಲಿದ್ದ ಹುಡುಗಿಯಂತೆ ನೀನೂ ಇಲ್ಲವಲ್ಲವ್ವಾ, ನಿನ್ನನ್ನು ಯಾರಿಗೆ ವಾಪಸ್ ಕಳಿಸೋಣ?

ಫೋನಿನಲ್ಲಿ ಸೊಸೆಯ ಅಂಗಡಿಗೆ ಜಾಗ ಕೊಟ್ಟ ಆನ್‌ಲೈನ್ ಕಂಪನಿ ಯಾವಾಗಲೂ ಕೊಂಡವರ ಕಡೆಗೆ. ವಾಪಸ್ ಕಳಿಸುವವರಿಗೆ ಅದು ಕಾರಣಗಳನ್ನು ತಾನೇ ಬರೆದು ಇಟ್ಟಿರುತ್ತದೆ, ಒಂದರ ಮೇಲೆ ಬೆರಳು ಒತ್ತಿದರೆ ಸಾಕು. ಅಳತೆ ಸರಿ ಇಲ್ಲ, ಬಣ್ಣ ಬೇರೆ, ಮನಸ್ಸಿಗೆ ಬರಲಿಲ್ಲ. ಅದರಲ್ಲಿ ಒಂದು ಕೆಟ್ಟದ್ದು ಇದೆ, ‘ನಕಲಿ ಮಾಲು’ ಅನ್ನುವುದು. ಅದನ್ನು ಒತ್ತಿದರೆ ಕಂಪನಿ ಎದ್ದು ಕೂಡುತ್ತದೆ. ಯಾವಳೋ ಒಬ್ಬಳು ಒಮ್ಮೆ ಒತ್ತಿದ್ದಳು. ಇನ್ನೊಂದು ಹೀಗೆ ಬಂದರೆ ಅಂಗಡಿ ಬಂದ್ ಅಂತ ಸೊಸೆಗೆ ಆಗಲೇ ತಾಕೀತು ಬಂದಿತ್ತು. ಆಕೆ ಅಂದಿನಿಂದ ಪ್ರತಿ ಡಬ್ಬಿಗೂ ಕೈ ಮುಗಿದು ಕಳಿಸುತ್ತಿದ್ದಳು.

ಹಸಿರು ಸೀರೆ ವಾಪಸ್ ಬಂದದ್ದು ಆಗ. ಗಿಣಿ ಹಸಿರು, ಕುಂಕುಮ ಬಣ್ಣದ ದಡಿ, ಸೆರಗಿನ ತುಂಬ ಜರಿ. ಅದನ್ನು ಕಳಿಸುವ ದಿನ ನಾನೂ ಒಮ್ಮೆ ಮುಟ್ಟಿ ನೋಡಿದ್ದೆ. ಡಬ್ಬಿ ಬರುವ ಮೊದಲೇ ಫೋನಿಗೆ ಸುದ್ದಿ ಬಂತು. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಅತ್ತಿ, ನಕಲಿ ಅಂತ ಒತ್ಯಾರ್ರಿ. ಅಂಗಡಿ ಮುಚ್ಯಾರ.”

“ಪೂರಾ ಮುಚ್ಯಾರೇನ?”

“ಸದ್ಯಕ್ಕ ಮುಚ್ಯಾರ. ಅಸಲಿ ಅಂತ ಸಾಬೀತ ಮಾಡಿದ್ರ ತಗೀತಾರಂತ. ಇಲ್ಲಂದ್ರ ಕಾಯಂ ಬಂದ್.”

ಮಗ್ಗದ ಮೇಲೆ ಇನ್ನೂ ಸೀರೆಗಳಿದ್ದವು, ಆಕೆ ಹೇಳಿ ನೇಯಿಸುತ್ತಿದ್ದವು. ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈದು ಸುಮ್ಮನಾಗಿಸುತ್ತಿದ್ದೆ. ಆಕೆ ಹಿಟ್ಟು ನಾದಲು ಕುಂತಳು, ನಾದಿದ ಹಿಟ್ಟನ್ನೇ ಮತ್ತೆ ಮತ್ತೆ ನಾದಿದಳು.

ಡಬ್ಬಿ ಯಾದಗಿರಿಯ ಕೊರಿಯರ್ ಆಫೀಸಿನಿಂದ ಬಂತು. ನಾನೇ ಬಿಚ್ಚಿದೆ. ಸೀರೆ ಚೆನ್ನಾಗಿ ಮಡಚಿದ್ದರು, ಮಡಚಿದವಳು ಕಲಿತವಳೇ. ಆದರೆ ಸೆರಗು ಬಿಚ್ಚಿದ ಕೂಡಲೇ ನನ್ನ ಮಡಿಲಿಗೆ ಅಕ್ಕಿ ಉದುರಿತು. ಅರಿಷಿಣ ಹತ್ತಿದ ಅಕ್ಕಿ. ಅದರ ಹಿಂದೆ ಒಂದು ಉತ್ತತ್ತಿ ಉರುಳಿತು. ದಡಿಯ ಜರಿಗೆ ಹಸಿರು ಬಳೆಯ ಚೂರು ಸಿಕ್ಕಿಕೊಂಡಿತ್ತು.

ನಾನು ಸೊಸೆಯ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಹಸಿರು ಸೀರೆ, ಹಸಿರು ಬಳೆ, ಮಡಿಲಿಗೆ ತುಂಬಿದ ಉಡಿಯ ಅಕ್ಕಿ. ಯಾರದೋ ಕುಬಸ ಆಗಿದೆ. ಬಸುರಿ ಮಗಳಿಗೆ ತವರಿನಿಂದ ಸೀರೆ ಒಯ್ದು, ಬೀಗರ ಮನೆಯಲ್ಲಿ ಹತ್ತು ಮಂದಿಯ ಮುಂದೆ ಉಡಿಸಿ, ಉಡಿ ತುಂಬಿ, ಹಾಡಿ, ಉಂಡು, ಆಮೇಲೆ ಸೀರೆಯನ್ನು ನಕಲಿ ಅಂತ ನಮಗೆ ಕಳಿಸಿದ್ದಾರೆ.

ಸೊಸೆ ಅಕ್ಕಿಯ ಫೋಟೋ ತೆಗೆದು ಕಂಪನಿಗೆ ಕಳಿಸಿದಳು. ಉತ್ತರ ಕೂಡಲೇ ಬಂತು, ಅಷ್ಟು ಬೇಗ ಮನುಷ್ಯರು ಬರೆಯುವುದಿಲ್ಲ. ಆಕೆ ಓದಿ ಹೇಳಿದಳು. ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ, ಆದರೆ ಚಿತ್ರದಲ್ಲಿರುವ ಆಹಾರ ಪದಾರ್ಥಕ್ಕೂ ಮಾಲಿಗೂ ಸಂಬಂಧ ಕಾಣುವುದಿಲ್ಲ ಅಂತ.

“ನನಗ ಭಾವನಿ ಗೀವನಿ ಇಲ್ಲ ಅಂತ ಬರಿ,” ಅಂದೆ. “ಇದು ಆಹಾರ ಅಲ್ಲ, ಉಡಿ ಅಂತ ಬರಿ.”

“ಉಡಿ ಅಂದ್ರ ಅವ್ರಿಗೇನ ತಿಳೀತದ್ರಿ ಅತ್ತಿ?”

ಅದೂ ಖರೆಯೇ. ತಿಳಿಯುವವರ ಹತ್ತಿರ ಹೋಗಬೇಕು. ಡಬ್ಬಿಯ ಮೇಲಿನ ಚೀಟಿಯಲ್ಲಿ ಕಳಿಸಿದವರ ವಿಳಾಸ ಇತ್ತು. ಅಷ್ಟೊಂದು ದೂರದ ಊರುಗಳ ಚೀಟಿ ನೋಡಿದ್ದ ನಾನು ಇದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಶಹಾಪುರ. ಬಸ್ಸಿನಲ್ಲಿ ಕುಂತು ಒಂದು ನಿದ್ದೆ ತೆಗೆಯುವುದರೊಳಗೆ ಬರುವ ಊರು.

ಸೊಸೆಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಿದ್ದಳು. ಮರುದಿನ ಸೀರೆಯನ್ನು ಹಾಗೇ ಡಬ್ಬಿಯಲ್ಲಿಟ್ಟು, ಅಕ್ಕಿ, ಉತ್ತತ್ತಿ, ಬಳೆಯ ಚೂರು ಒಂದು ಕಾಗದದಲ್ಲಿ ಕಟ್ಟಿ, ಆಧಾರ ಕಾರ್ಡು ತೋರಿಸಿ ಫುಕಟ್ ಬಸ್ಸಿನಲ್ಲಿ ಕುಂತೆ. ಹತ್ತಿಗೂಡೂರು ಕ್ರಾಸಿನಲ್ಲಿ ಹತ್ತಿದವಳೊಬ್ಬಳು ಡಬ್ಬಿ ನೋಡಿ, “ಆನ್‌ಲೈನ್ ಮಾಲೇನಬೇ ಆಯಿ?” ಅಂತ ಕೇಳಿದಳು. ಹೌದು, ನಾನೇ ಆನ್‌ಲೈನ್ ಅಂದೆ.

ಶಹಾಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ದೊಡ್ಡ ಮನೆ, ಗೋಡೆಗೂ ಟೈಲ್ಸು, ಗೇಟಿಗೂ ಬಂಗಾರದ ಬಣ್ಣ. ಬಾಗಿಲಿಗೆ ಬಂದವಳು ಮನೆಯ ಯಜಮಾನ್ತಿ. ನನ್ನ ಬರಿ ಹಣೆ, ಮಾಸಿದ ಸೀರೆ ನೋಡಿದಳು.

“ಮುಂದಿನ ಮನಿಗಿ ಹೋಗಬೇ. ಇವತ್ತೇನೂ ಇಲ್ಲ.”

“ನಾ ಬೇಡಾಕ ಬಂದಿಲ್ಲ ತಂಗಿ. ಕೊಡಾಕ ಬಂದೀನಿ.”

“ಏನ್ ಕೊಡ್ತಿ?”

“ನಿಮ್ಮ ಮನಿ ಉಡಿ. ತಪ್ಪಿ ನಮ್ಮ ಮನಿಗಿ ಬಂದಿತ್ತು.”

ಉಡಿ ಅಂದ ಮೇಲೆ ಬಾಗಿಲಲ್ಲಿ ನಿಲ್ಲಿಸಿ ಮಾತಾಡುವಂತಿಲ್ಲ. ಒಳಗೆ ಕರೆದಳು. ಮಗಳು ಸೋಫಾದ ಮೇಲೆ ಕಾಲು ಚಾಚಿ ಕುಂತು ಶೇಂಗಾ ಸುಲಿಯುತ್ತಿದ್ದಳು, ತುಂಬು ಬಸುರಿ. ಪಕ್ಕದ ಮನೆಯ ಹೆಂಗಸೊಬ್ಬಳು ಹರಟೆಗೆ ಬಂದು ಕುಂತಿದ್ದಳು. ಅವಳನ್ನು ನೋಡಿ ನನಗೆ ಸಮಾಧಾನವಾಯಿತು, ಅಂಥವಳೊಬ್ಬಳು ಇರಬೇಕು. ನಾನೂ ಸೋಫಾದ ಮೇಲೇ ಕುಂತು ಡಬ್ಬಿ ಬಿಚ್ಚಿದೆ.

ಯಜಮಾನ್ತಿಯ ಬಾಯಿ ತೆರೆಯಿತು. “ಇದು ದಿಲ್ಲಿಗಿ ಹೋಗಿತ್ತಲ್ಲ?”

“ದಿಲ್ಲಿಗಿ ಯಾಕ ಹೋಗ್ತದ? ಸುರಪುರದ್ದು, ಸುರಪುರಕ್ಕ ಬಂತು. ಬಜಾರನ್ಯಾಗ ನಮ್ಮ ದುಕಾನ ಅದಾ.”

“ಇಂಗ್ಲಿಷ್ ಹೆಸರಿತ್ತು!”

“ಹೆಸರು ಇಂಗ್ಲಿಷ್. ಮಂದಿ ನಾವೇ.”

ಮಗಳು ಶೇಂಗಾ ಬಿಟ್ಟು ಸೀರೆ ನೋಡುತ್ತಿದ್ದಳು. “ಅವ್ವಾ, ಇದು ನನ್ನ ಕುಬಸದ ಸೀರಿ ಅಲ್ಲೇನ? ಡ್ರೈವಾಶಿಗಿ ಕೊಟ್ಟೀನಿ ಅಂದಿದ್ದಿ.”

“ನೀ ಒಳಗ ಹೋಗವಾ. ಬಸರಿ ಹೆಂಗಸು, ನಿನಗ್ಯಾಕ ಇದೆಲ್ಲಾ.”

“ಎಲ್ಲಿ ಹೋಗ್ಲಿ? ನಮ್ಮತ್ತಿ ದಿನಾ ಫೋನ್ ಮಾಡಿ ಕೇಳಾಕತ್ತಾಳ, ಸೀರಿ ಫೋಟೋ ಕಳ್ಸು, ನಮ್ಮ ಅಕ್ಕಗ ತೋರಿಸ್ತೀನಿ ಅಂತ.”

ಪಕ್ಕದ ಮನೆಯವಳು ಸೋಫಾದ ತುದಿಗೆ ಸರಿದಳು. “ಅಯ್ಯ, ಅಂಥಾ ಸೀರಿ ಓಣ್ಯಾಗ ಯಾರೂ ತಂದಿಲ್ಲ ಅಂತ ನಾ ಎಲ್ಲಾರ ಮುಂದ ಹೇಳೀನಲ್ರಿ!”

“ನೀವು ಸುಮ್ನಿರ್ರಿ,” ಅಂದು ಯಜಮಾನ್ತಿ ನನ್ನ ಕಡೆ ತಿರುಗಿದಳು. “ನೋಡಬೇ, ಕಂಪನಿಯವ್ರೇ ವಾಪಸ್ ತಗೋತೀವಿ ಅಂತ ಹೇಳ್ಯಾರ. ನಾಕ ಮಂದಿ ಮಾಡ್ತಾರ, ನಾವೂ ಮಾಡೀವಿ. ಅದ್ರಾಗ ತಪ್ಪೇನದ? ಸೀರಿ ನಮಗ ಸರಿ ಅನಸ್ಲಿಲ್ಲ. ರೇಷ್ಮಿ ಖರೇ ಇಲ್ಲ ಅನಸ್ತು.”

ನಾನು ಕಾಗದದ ಪೊಟ್ಟಣ ಬಿಚ್ಚಿ ಟೀಪಾಯಿಯ ಮೇಲಿಟ್ಟೆ.

“ತಂಗಿ, ಅಕ್ಕಿ ಅಸಲಿ ಅದಾವ. ಉತ್ತತ್ತಿ ಅಸಲಿ ಅದಾ. ಬಳಿ ಚೂರು ಅಸಲಿ ಅದಾ. ನಿನ್ನ ಮಗಳ ಹೊಟ್ಟಿನೂ ಅಸಲಿ ಅದಾ. ಸೀರಿ ಒಂದೇ ಹೆಂಗ ನಕಲಿ ಆತು?”

ಪಕ್ಕದ ಮನೆಯವಳಿಗೆ ನಗು ಬಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಜಮಾನ್ತಿ ನಗಲಿಲ್ಲ. ಆಕೆ ಅಕ್ಕಿಯನ್ನೇ ನೋಡುತ್ತಿದ್ದಳು. ಮಡಚಿ ಕಳಿಸುವ ಅವಸರದಲ್ಲಿ ಸೆರಗು ಝಾಡಿಸುವುದನ್ನು ಮರೆತಿದ್ದಳು. ನಮ್ಮ ಕಡೆ ಬಸುರಿಯ ಉಡಿಯ ಅಕ್ಕಿಯನ್ನು ಹೊಸ್ತಿಲ ಹೊರಗೆ ಚೆಲ್ಲುವುದಿಲ್ಲ, ಬೇರೆಯವರ ಮನೆಗೆ ಹೋಗಲು ಬಿಡುವುದಿಲ್ಲ. ಮನೆಯಲ್ಲೇ ಅನ್ನ ಮಾಡಿ ಆಕೆಗೇ ಉಣ್ಣಿಸುತ್ತಾರೆ. ಟೈಲ್ಸ್ ಹಾಕಿಸಿದ ಮನೆಯಲ್ಲೂ ಅಷ್ಟು ಗೊತ್ತಿರುತ್ತದೆ.

“ವಾಪಸ್ ಮಾಡ್ರಿ, ನಾ ಬ್ಯಾಡ ಅನ್ನಲ್ಲ,” ಅಂದೆ. “ಖರೆ ಉಡಿ ಝಾಡ್ಸಿ ಮಾಡ್ಬೇಕಿತ್ತು. ನಾ ಗಂಡ ಸತ್ತಾಕಿ. ನಿನ್ನ ಮಗಳ ಉಡಿ ಬಂದು ನನ್ನ ಮಡಿಲಾಗ ಬಿತ್ತು. ನಾ ಏನ್ ಮಾಡ್ಲಿ ಹೇಳು? ಅನ್ನಾ ಮಾಡಿ ಉಣ್ಲೋ, ಗುಬ್ಬಿಗಿ ಹಾಕ್ಲೋ?”

ಆಕೆಯ ಮುಖದ ಮೇಲಿನ ಪೌಡರು ಮಾತ್ರ ಉಳಿಯಿತು, ಬಣ್ಣ ಇಳಿದು ಹೋಯಿತು. ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನನಗೆ ಆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಆದರೆ ಮಾತು ಹೊರಗೆ ಬಿದ್ದಿತ್ತು, ಬಿದ್ದದ್ದು ಕೆಲಸ ಮಾಡುತ್ತಿತ್ತು, ನಾನು ಅದನ್ನು ಎತ್ತಿಕೊಳ್ಳಲಿಲ್ಲ.

ನನಗೆ ಕೇಳಿದರೆ ಅಕ್ಕಿ ಅಕ್ಕಿಯೇ. ನನ್ನ ಉಡಿಯನ್ನು ಎಷ್ಟು ಮಂದಿ ಮುತ್ತೈದೆಯರು ಎಷ್ಟು ಸಲ ತುಂಬಿದರು. ಅದರಿಂದ ಗಂಡ ಬದುಕುವಂತಿದ್ದರೆ ನನ್ನ ಗಂಡ ಇನ್ನೂ ಗಲ್ಲಾದ ಮೇಲೆ ಕುಂತು ಗಿರಾಕಿಗಳಿಗೆ ಸುಳ್ಳು ಹೇಳುತ್ತಿರಬೇಕಿತ್ತು. ನಾನು ನಂಬುವುದಿಲ್ಲ ಅನ್ನುವುದು ಬೇರೆ. ಆಕೆ ನಂಬುತ್ತಾಳೆ ಅನ್ನುವುದು ನನಗೆ ಸಾಕಾಗಿತ್ತು.

“ಕೊಡ್ರಿ ಆಯಿ ಇಲ್ಲಿ,” ಅಂತ ಸೀರೆಗೆ ಕೈ ಹಾಕಿದಳು. ಅಲ್ಲಿಯವರೆಗೆ ‘ಬೇ’ ಅನ್ನುತ್ತಿದ್ದವಳಿಗೆ ಈಗ ‘ರಿ’ ನೆನಪಾಯಿತು. ನಾನು ಡಬ್ಬಿಯ ಮುಚ್ಚಳದ ಮೇಲೆ ಮೊಳಕೈ ಊರಿದೆ.

“ಮೊದ್ಲ ಆ ಮಾತು ತಗೀರಿ. ನಕಲಿ ಅನ್ನೂದು. ನನ್ನ ಸೊಸಿ ದುಕಾನ ಬಂದ್ ಆಗ್ಯಾದ.”

ಫೋನು ಹೊರಗೆ ಬಂತು. ತಾಯಿಗೆ ಒತ್ತಲು ಬಂದಿತ್ತು, ತೆಗೆಯಲು ಬರಲಿಲ್ಲ. ಮಗಳು ನೋಡಿದಳು, ಪಕ್ಕದ ಮನೆಯವಳೂ ಕನ್ನಡಕ ತರಿಸಿಕೊಂಡು ನೋಡಿದಳು. ವಾಪಸ್ ಕಳಿಸಲು ಅಷ್ಟೊಂದು ಕಾರಣ ಬರೆದಿಟ್ಟ ಕಂಪನಿ, ಕೊಂಡವರು ಸುಳ್ಳು ಹೇಳಿದರೆ ಒತ್ತಲು ಒಂದೂ ಇಟ್ಟಿರಲಿಲ್ಲ. ಆ ದಂಧೆಯಲ್ಲಿ ಕೊಂಡವರು ಸುಳ್ಳು ಹೇಳುವುದೇ ಇಲ್ಲವಂತೆ. ಕಂಪನಿಗೆ ಫೋನ್ ಹಚ್ಚಿದರು. ಒಂದು ಹೆಣ್ಣು ದನಿ ಕನ್ನಡದಲ್ಲಿ ಮಾತಾಡಿತು, ಆರಿದ ಅನ್ನದಂಥ ಕನ್ನಡ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂದಿತು, ಅಂದು ಬಾಜಾ ಹಚ್ಚಿತು. ಬಾಜಾ ಕೇಳುತ್ತ ಕುಂತೆವು. ಅಷ್ಟರಲ್ಲಿ ಚಹಾ ಬಂತು. ಒಳ್ಳೆಯ ಕಪ್ಪಿನಲ್ಲಿ ಬಂತು. ಕುಡಿದೆ.

ಕಡೆಗೆ ಮಗಳೇ ಅಂದಳು, “ಆಯಿ, ನಾ ಬರೀತೀನಿ. ಎಲ್ಲಾ ಇದ್ದದ್ದ ಇದ್ದಂಗ ಬರೀತೀನಿ. ಸೀರಿ ಅಸಲಿ ಅದ, ನಾವೇ ಉಟ್ಟು ಕಳ್ಸೀವಿ ಅಂತ.”

“ನಿಮ್ಮ ಅಪ್ಪನ ಇಜ್ಜತ್ ಹೋಗ್ತದ!” ಅಂದಳು ತಾಯಿ.

“ನಮ್ಮತ್ತಿ ಮುಂದ ನಂದು ಹೋಗೂದಕಿಂತ ಇದು ಬರೋಬರಿ ಅದ.”

ಆಕೆ ಬಹಳ ಹೊತ್ತು ಬರೆದಳು. ಬರೆದು ಕಳಿಸಿ ನನಗೆ ತೋರಿಸಿದಳು, ಇಂಗ್ಲಿಷಿನಲ್ಲಿತ್ತು, ನಾನು ನೋಡಿ ತಲೆ ಆಡಿಸಿದೆ. ಸೀರೆಯ ರೊಕ್ಕವನ್ನೂ ಫೋನಿನಲ್ಲೇ ಸೊಸೆಗೆ ಹಾಕಿದರು. ಆಮೇಲೆ ಮೊಳಕೈ ತೆಗೆದೆ. ಯಜಮಾನ್ತಿ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿ ಬೆಳ್ಳಿ ಬಟ್ಟಲಿಗೆ ಹಾಕಿಕೊಂಡಳು. ಪಕ್ಕದ ಮನೆಯವಳು ಆಗಲೇ ಎದ್ದು ಹೋಗಿದ್ದಳು. ನಾನು ಓಣಿಯ ತುದಿಗೆ ಬರುವಷ್ಟರಲ್ಲಿ ಕಟ್ಟೆಯ ಮೇಲಿನ ಹೆಂಗಸರು ನನ್ನನ್ನು ಗುರುತು ಹಿಡಿದು, “ಸುರಪುರದಾಕಿ ಇಕೀನೇ ಏನ?” ಅಂತ ಕೇಳುತ್ತಿದ್ದರು.

ಮನೆಗೆ ಬಂದು ಸೊಸೆಗೆ ಹೇಳಿದೆ. ಆಕೆ ನಂಬಲಿಲ್ಲ, ಫೋನಿನಲ್ಲಿ ರೊಕ್ಕ ನೋಡಿ ನಂಬಿದಳು. ಅಂದು ರಾತ್ರಿ ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು. ಮಗ ಕೂಡ, “ನಮ್ಮವ್ವ ಅಂದ್ರ ನಮ್ಮವ್ವ,” ಅಂದ. ಅವನು ಹಾಗೆ ಅಂದಾಗಲೆಲ್ಲ ಏನೋ ಕೆಡುತ್ತದೆ.

ಕಂಪನಿಯ ಉತ್ತರ ಬರುವುದಕ್ಕೆ ಈ ಸಲ ತಡವಾಯಿತು, ಅಂದರೆ ಮನುಷ್ಯರೇ ಓದಿದ್ದರು. ಸೊಸೆ ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಅತ್ತಿ, ನಕಲಿ ಅನ್ನೂದು ತಗದಾರ್ರಿ.”

“ಆತಲ್ಲ ಮತ್ತ.”

“ಅಂಗಡಿನೂ ತಗದಾರ. ತೆರದದ್ದಲ್ರಿ, ಕಿತ್ತು ಒಗದಾರ.”

ಆ ಹುಡುಗಿ ಇದ್ದದ್ದನ್ನು ಇದ್ದಂತೆಯೇ ಬರೆದಿದ್ದಳು. ಸೀರೆ ಅಸಲಿ, ತಪ್ಪು ನಮ್ಮದು, ಅಂಗಡಿಯ ಆಯಿ ತಾವೇ ನಮ್ಮ ಮನೆ ಹುಡುಕಿಕೊಂಡು ಬಂದು ಉಡಿ ಮುಟ್ಟಿಸಿ ಹೋದರು, ಇಂಥ ಒಳ್ಳೆಯ ಅಂಗಡಿ ಇನ್ನೊಂದಿಲ್ಲ. ಹೊಗಳಿಕೆ ಅಂತಲೇ ಬರೆದಿದ್ದಳು, ಪಾಪ. ಕಂಪನಿ ಅದರಲ್ಲಿ ಒಂದೇ ಮಾತು ಓದಿತು. ಮಾರುವವರು ಕೊಂಡವರ ವಿಳಾಸ ಹಿಡಿದು ಮನೆಗೆ ಹೋಗುವುದು ಗ್ರಾಹಕರನ್ನು ಹೆದರಿಸಿದಂತೆ, ಆದ್ದರಿಂದ ಅಂಗಡಿ ಕಾಯಂ ಬಂದ್. ಉಟ್ಟು, ಉಡಿ ತುಂಬಿಸಿಕೊಂಡು, ನಕಲಿ ಅಂದವಳಿಗೆ ಒಂದು ಕೂಪನ್ ಕಳಿಸಿದರಂತೆ, ಆದ ತೊಂದರೆಗಾಗಿ.

ಸೊಸೆ ಕೆಲವು ದಿನ ನನ್ನ ಹತ್ತಿರ ಮಾತು ಬಿಟ್ಟಳು. ನಾನೂ ಕೇಳಲಿಲ್ಲ. ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ, ಇನ್ನೊಮ್ಮೆ ಆದರೆ ಇನ್ನೊಮ್ಮೆ ಹೋಗುತ್ತೇನೆ. ಆದರೆ ಮಗ್ಗದ ಮೇಲಿನ ಸೀರೆಗಳು ಒಂದೊಂದಾಗಿ ಇಳಿದು ಬಂದು ಕಪಾಟಿನಲ್ಲಿ ಕುಂತಾಗ, ಆ ಕಪಾಟಿನ ಮುಂದೆ ಹಾದು ಹೋಗುವುದು ನನಗೂ ಸರಿ ಬರುತ್ತಿರಲಿಲ್ಲ.

ರೊಕ್ಕ ಹಾಕಿದ್ದ ನಂಬರಿಗೇ ಸೀರೆ ಕೇಳಿ ಮೊದಲ ಫೋನು ಬಂದದ್ದು ಶಹಾಪುರದ ಆ ಹುಡುಗಿಯ ಅತ್ತೆಯಿಂದ. ಅಂಥದ್ದೇ ಒಂದು ತನ್ನ ಅಕ್ಕನಿಗೆ ಬೇಕಂತೆ. ಆಮೇಲೆ ಆ ಓಣಿಯ ಇನ್ನೊಬ್ಬಳು. ಪಕ್ಕದ ಮನೆಯವಳ ಬಾಯಿ ಯಾವ ಕಂಪನಿಗಿಂತಲೂ ಕಡಿಮೆ ಇರಲಿಲ್ಲ. ಸೊಸೆ ಈಗ ತನ್ನ ಫೋನಿನಲ್ಲೇ ಸೀರೆಯ ಫೋಟೋ ಕಳಿಸುತ್ತಾಳೆ, ತಾನೇ ಮಾತಾಡಿ ಮಾರುತ್ತಾಳೆ. ಮೊದಲಿನ ಅರ್ಧವೂ ಇಲ್ಲ. ಕಪಾಟು ಖಾಲಿಯಾಗಲು ಇನ್ನೂ ಬಹಳ ದಿನ ಬೇಕು. ಆದರೂ ಅಂಗಡಿ ಆಕೆಯದೇ, ಬೇರೆಯವರು ಒತ್ತಿ ಮುಚ್ಚುವಂಥದ್ದಲ್ಲ.

ಮೊನ್ನೆ ಕೆಂಭಾವಿಯಿಂದ ಒಬ್ಬಳು ಫೋನ್ ಮಾಡಿದಳು. ಎಲ್ಲ ಕೇಳಿದಳು, ಜರಿ, ಬಣ್ಣ, ದಡಿ. ಕಡೆಗೆ ಬಂದಳು ಅಸಲಿ ಮಾತಿಗೆ.

“ಮನಸಿಗಿ ಬರ್ಲಿಲ್ಲಂದ್ರ ವಾಪಸ್ ತಗೋತೀರೇನ್ರಿ?”

ಸೊಸೆ ಫೋನು ತಂದು ನನ್ನ ಬಾಯಿಯ ಮುಂದೆ ಹಿಡಿದಳು.

“ತಗೋತೀವಿ ತಂಗಿ, ಯಾಕ ತಗೋಳಲ್ಲ?” ಅಂದೆ. “ಕೊರಿಯರ್ ಗಿರಿಯರ್ ಬ್ಯಾಡ. ನಾನೇ ಬಂದು ತಗೊಂಡು ಹೋಗ್ತೀನಿ. ಮನಿ ಯಾ ಓಣ್ಯಾಗ ಅದ, ಅಷ್ಟ ಹೇಳು.”

ಆಕೆ ಮನೆಯವರನ್ನು ಕೇಳಿ ಹೇಳುತ್ತೇನೆ ಅಂದಳು. ಇನ್ನೂ ಕೇಳುತ್ತಲೇ ಇದ್ದಾಳೆ.